ಮಗಳ ಪಿಎಚ್.ಡಿ., ಚಿಕ್ಕಪ್ಪನ ಜುಟ್ಟು

ಮಕ್ಕಳನ್ನು ವಿದೇಶಕ್ಕೆ ಓದಲು ಕಳಿಸಿದವರು ನಮ್ಮ ಕೋಲಾರ ಜಿಲ್ಲೆಯಲ್ಲಿ ಬೇಕಾದಷ್ಟು ಜನ ಇದ್ದಾರೆ. ಆದರೆ ಮಗಳ ಓದು ಎಲ್ಲಿಗೆ ಬಂತು ಎನ್ನುವುದನ್ನು ಸ್ವಂತ ತಲೆಯ ಮೇಲೆ ಬೆಳೆಸಿಕೊಂಡು ಓಡಾಡಿದವರು, ನನಗೆ ತಿಳಿದ ಮಟ್ಟಿಗೆ, ನಮ್ಮ ಚಿಕ್ಕಪ್ಪ ಒಬ್ಬರೇ! ಮಗಳು ಭವ್ಯ ಮೊದಲ ಸೆಮಿಸ್ಟರಿನಲ್ಲಿದ್ದಾಗ ಚಿಕ್ಕಪ್ಪನ ಕೂದಲು ಕಿವಿ ಮುಚ್ಚಿತ್ತು. ಅವಳು ಎರಡನೆಯ ವರ್ಷಕ್ಕೆ ಕಾಲಿಟ್ಟಾಗ ಹೆಗಲು ಮುಟ್ಟಿತು. ಪಿಎಚ್.ಡಿ.ಗೆ ಸೇರಿದ ಮೇಲೆ ಜಡೆ ಹಾಕುವಷ್ಟಾಯಿತು. ಊರಿನವರು ಮಗಳ ಓದಿನ ಬಗ್ಗೆ ವಿಚಾರಿಸುವಾಗ ಚಿಕ್ಕಪ್ಪನ ಮುಖ ನೋಡುತ್ತಿರಲಿಲ್ಲ, ಬೆನ್ನು ನೋಡುತ್ತಿದ್ದರು.

ಇದೆಲ್ಲ ಶುರುವಾದದ್ದು ಒಂದು ಹರಕೆಯಿಂದ. ಚಿಕ್ಕಪ್ಪನದು ಶ್ರೀನಿವಾಸಪುರ ತಾಲ್ಲೂಕಿನ ಗೌನಿಪಲ್ಲಿ ಹತ್ತಿರ ಒಂದು ಮಾವಿನ ತೋಪು, ಅದರ ಪಕ್ಕಕ್ಕೆ ಒಂದಿಷ್ಟು ಟೊಮೆಟೊ. ಭವ್ಯ ಒಬ್ಬಳೇ ಮಗಳು. ಬೆಂಗಳೂರಿನಲ್ಲಿ ಕೃಷಿ ಪದವಿ ಮುಗಿಸಿ, ಟೊಮೆಟೊ ಗಿಡಕ್ಕೆ ಬರುವ ಎಲೆ ಮುದುಡು ರೋಗದ ಬಗ್ಗೆ ಎಂ.ಎಸ್ಸಿ. ಮಾಡುತ್ತೇನೆಂದು ನೆದರ್ಲೆಂಡ್ಸಿನ ಒಂದು ವಿಶ್ವವಿದ್ಯಾಲಯದಲ್ಲಿ ವಿದ್ಯಾರ್ಥಿವೇತನ ಗಿಟ್ಟಿಸಿಕೊಂಡಳು. ಅವಳು ಹೊರಡುವ ದಿನ ಬೆಳಿಗ್ಗೆ ಚಿಕ್ಕಮ್ಮ ಆರತಿ ತಟ್ಟೆ ಹಿಡಿದು ನಿಂತಿದ್ದಾರೆ, ಹೊರಗೆ ಕಾರಿನವನು ಹಾರ್ನ್ ಒತ್ತುತ್ತಿದ್ದಾನೆ, ಆಗ ಚಿಕ್ಕಪ್ಪ ವೆಂಕಟರಮಣಸ್ವಾಮಿಯ ಪಟದ ಮುಂದೆ ಕೈಮುಗಿದು ಗಟ್ಟಿಯಾಗಿ ತೆಲುಗಿನಲ್ಲಿ ಹೇಳಿಕೊಂಡರು: ಇವಳ ಓದು ಮುಗಿಯುವವರೆಗೂ ನನ್ನ ತಲೆಗೆ ಕತ್ತರಿ ತಾಗಿಸುವುದಿಲ್ಲ, ಮುಗಿದ ಮೇಲೆ ಇವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ನಿನಗೆ ಮುಡಿ ಕೊಡುತ್ತೇನೆ. (ಚಿಕ್ಕಪ್ಪ ನಮ್ಮ ಜೊತೆ ಕನ್ನಡ, ಮಂಡಿಯಲ್ಲಿ ಎರಡೂ, ದೇವರ ಜೊತೆ ಮಾತ್ರ ತೆಲುಗು. ಸ್ವಾಮಿ ಆ ಕಡೆಯವನು, ಕನ್ನಡದಲ್ಲಿ ಹೇಳಿ ಏನಾದರೂ ಅಪಾರ್ಥವಾದರೆ ಯಾರು ಹೊಣೆ ಎನ್ನುವುದು ಅವರ ವಾದ.)

ಈ ಹರಕೆ ಎಷ್ಟು ದೊಡ್ಡದೆಂದು ಗೊತ್ತಾಗಬೇಕಾದರೆ ಅದಕ್ಕೆ ಮುಂಚಿನ ಚಿಕ್ಕಪ್ಪನನ್ನು ನೀವು ನೋಡಿರಬೇಕಿತ್ತು. ತಲೆಕೂದಲೆಂದರೆ ಅವರಿಗೆ ಪ್ರಾಣ. ಟೊಮೆಟೊಗೆ ಔಷಧಿ ಹೊಡೆಯಲು ಹೋಗುವಾಗಲೂ ಬೈತಲೆ ತೆಗೆದುಕೊಂಡೇ ಹೋಗುವರು. ಅಂಗಿಯ ಜೇಬಿನಲ್ಲಿ ಪೆನ್ನಿನ ಪಕ್ಕ ಒಂದು ಪುಟ್ಟ ಬಾಚಣಿಗೆ ಸದಾ ಇರುತ್ತಿತ್ತು. ಭಾನುವಾರ ಬಂತೆಂದರೆ ಕ್ಷೌರದಂಗಡಿಯಲ್ಲಿ ಮೊದಲ ಕುರ್ಚಿ ಅವರದು, ಹಿಂದೆ ಒಂದು, ಮುಂದೆ ಒಂದು ಕನ್ನಡಿ ಹಿಡಿಸಿಕೊಂಡು ಕತ್ತಿನ ಹತ್ತಿರದ ಗೆರೆ ಸರಿಯಾಗಿದೆಯೋ ಇಲ್ಲವೋ ಎಂದು ತಪಾಸಣೆ ಮಾಡುತ್ತಿದ್ದರು. ಅಂಥವರು ತಮಗೆ ಅತ್ಯಂತ ಪ್ರಿಯವಾದದ್ದನ್ನೇ ದೇವರ ಮುಂದೆ ಅಡವಿಟ್ಟಿದ್ದರು.

ಎಡವಟ್ಟಾದದ್ದು ಹರಕೆಯಲ್ಲಿ ಅಲ್ಲ, ಗಡುವಿನಲ್ಲಿ. ಎಂ.ಎಸ್ಸಿ. ಎಂದರೆ ಎರಡು ವರ್ಷ. ಕಾಲೇಜಿನಲ್ಲಿ ಪಾಠ ಹೇಳುವವಳು ಎಂಬ ಗೌರವದಿಂದ ಅವರು ನನ್ನನ್ನೂ ಕೇಳಿ ಖಚಿತ ಮಾಡಿಕೊಂಡಿದ್ದರು. ಎಂ.ಎಸ್ಸಿ. ಆದ ಮೇಲೆ ಇನ್ನೊಂದು ಓದು ಇದೆ, ಅದು ಯಾವಾಗ ಮುಗಿಯುತ್ತದೆಂದು ಓದುವವರಿಗೂ ಗೊತ್ತಿರುವುದಿಲ್ಲ ಎನ್ನುವುದನ್ನು ಅವತ್ತು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ದೇವರಂತೂ ಹೇಳುವುದಿಲ್ಲ ಬಿಡಿ.

ಮೊದಲ ಕೆಲವು ತಿಂಗಳು ಊರಿಗೆ ಇದೊಂದು ತಮಾಷೆ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎಂಬ ಗಾದೆಯನ್ನು ಚಿಕ್ಕಪ್ಪ ಎದುರಿಗೆ ಬಂದಾಗಲೆಲ್ಲ ಯಾರಾದರೂ ಒಬ್ಬರು ಹೇಳುತ್ತಿದ್ದರು. ಕ್ಷೌರದವನಿಗೆ ಮಾತ್ರ ಇದು ತಮಾಷೆಯಾಗಿರಲಿಲ್ಲ. ಅಂಗಡಿಯ ಮುಂದೆ ಹಾದುಹೋಗುವ ಚಿಕ್ಕಪ್ಪನ ತಲೆಯನ್ನು ಅವನು ಬಾಗಿಲಿಗೆ ಬಂದು ನಿಂತು ನೋಡುತ್ತಿದ್ದನಂತೆ, ಕೊಯ್ಲಿಗೆ ಬಂದ ಬೆಳೆಯನ್ನು ಪಕ್ಕದ ಹೊಲದವನು ನೋಡುವ ಹಾಗೆ. ಒಮ್ಮೆ ತಡೆಯಲಾರದೆ, ತುದಿಯನ್ನಾದರೂ ಸಮ ಮಾಡಿಕೊಡುತ್ತೇನೆ, ದೇವರಿಗೂ ನೀಟಾಗಿರುವುದೇ ಇಷ್ಟ ಎಂದು ಪುಸಲಾಯಿಸಿದನಂತೆ. ಚಿಕ್ಕಪ್ಪ ಎರಡೂ ಕೈಯಿಂದ ತಲೆ ಮುಚ್ಚಿಕೊಂಡು ಓಡಿಬಂದರು.

ನಿಜವಾದ ಕಷ್ಟ ಚಿಕ್ಕಮ್ಮನದು. ಮದುವೆಯಾದಾಗಿನಿಂದ ಗಂಡನ ಊಟ, ಬಟ್ಟೆ, ಕೋಪ ನೋಡಿಕೊಂಡಿದ್ದ ಅವರಿಗೆ ಈಗ ಗಂಡನ ಜಡೆಯೂ ಸೇರಿತು. ವಾರಕ್ಕೊಮ್ಮೆ ಎಣ್ಣೆ, ಸೀಗೆಕಾಯಿ, ಸಾಂಬ್ರಾಣಿ. ಜುಟ್ಟು ಕಟ್ಟಲು ತಮ್ಮ ರಬ್ಬರ್ ಬ್ಯಾಂಡುಗಳು ಒಂದೊಂದಾಗಿ ಮಾಯವಾಗುತ್ತಿವೆ ಎಂದು ಅವರು ಜಗಳ ತೆಗೆದ ಮೇಲೆ ಚಿಕ್ಕಪ್ಪ ಟೊಮೆಟೊ ಗಿಡ ಕಟ್ಟುವ ಹುರಿಯಲ್ಲೇ ಜುಟ್ಟು ಕಟ್ಟಿಕೊಳ್ಳತೊಡಗಿದರು. ನಾನು ಹೋದಾಗಲೆಲ್ಲ ಚಿಕ್ಕಮ್ಮ ತಟ್ಟೆಗೆ ಮುದ್ದೆ ಹಾಕಿ, ಮುರಿಯೋಕೆ ಮುಂಚೆ ಬೆಳಕಿಗೆ ಹಿಡಿದು ನೋಡ್ಕೊಳಮ್ಮ, ಕೂದಲು ಸಿಕ್ಕಿದರೆ ನನ್ನದು ಅಂದ್ಕೋಬೇಡ ಎನ್ನುತ್ತಿದ್ದರು.

ಹರಕೆ ಹೊತ್ತ ಮೇಲೆ ಚಿಕ್ಕಪ್ಪನಿಗೆ ಇನ್ನೊಂದು ಹುಚ್ಚು ಹಿಡಿಯಿತು. ವಿದೇಶದಲ್ಲಿ ಓದುವುದರಿಂದ ಆಗುವ ಲಾಭಗಳನ್ನು ಸಿಕ್ಕಸಿಕ್ಕವರಿಗೆಲ್ಲ ಬಿಡಿಸಿ ಹೇಳುವುದು! ಅವರು ಕಂಡ ವಿದೇಶವೆಂದರೆ ಆಂಧ್ರದ ಮದನಪಲ್ಲಿಯ ಟೊಮೆಟೊ ಮಾರುಕಟ್ಟೆ. ಆದರೆ ಭವ್ಯ ವಾರಕ್ಕೊಮ್ಮೆ ವಿಡಿಯೊ ಕಾಲ್ ಮಾಡಿ ಹೇಳಿದ್ದೆಲ್ಲ ಮರುದಿನ ಬೆಳಿಗ್ಗೆ ಗೌನಿಪಲ್ಲಿಯ ಟೀ ಅಂಗಡಿಯಲ್ಲಿ ಇನ್ನಷ್ಟು ರೆಕ್ಕೆಪುಕ್ಕ ಕಟ್ಟಿಕೊಂಡು ಪ್ರಕಟವಾಗುತ್ತಿತ್ತು. ಅಲ್ಲಿ ವಿದ್ಯಾರ್ಥಿಗಳು ಮೇಷ್ಟರನ್ನು ಹೆಸರು ಹಿಡಿದು ಕರೆಯುತ್ತಾರೆ. ನೀವು ಹೇಳಿದ್ದು ತಪ್ಪು ಎಂದು ಮುಖಕ್ಕೆ ಹೇಳಿದರೆ ಮೇಷ್ಟರು ಥ್ಯಾಂಕ್ಸ್ ಹೇಳಿ ಬರೆದುಕೊಳ್ಳುತ್ತಾರೆ. ಇದನ್ನು ಕೇಳಿ ಅವರಿಗೆ ನನ್ನ ಬಗ್ಗೆ ಚಿಂತೆಯಾಯಿತು.

"ಏನಮ್ಮಾ, ನಿನ್ನ ಸ್ಟೂಡೆಂಟ್ಸು ನಿನ್ನ ಹೆಸರು ಹಿಡಿದು ಕರೀತಾರಾ?" ಎಂದು ಕೇಳಿದರು.

"ಕರೀತಾರೆ ಚಿಕ್ಕಪ್ಪ, ನಾನಿಲ್ಲದಾಗ," ಎಂದೆ.

ಹಾಗಾದರೆ ನಮ್ಮ ದೇಶವೂ ಅರ್ಧ ದಾರಿ ಬಂದಿದೆ ಎಂದು ಅವರು ಸಮಾಧಾನಪಟ್ಟುಕೊಂಡರು.

ಎರಡನೆಯ ಲಾಭ ನೊಣದ್ದು. ಎಲೆ ಮುದುಡು ರೋಗವನ್ನು ಗಿಡದಿಂದ ಗಿಡಕ್ಕೆ ಹೊತ್ತೊಯ್ಯುವುದು ಬಿಳಿ ನೊಣ. ನಮ್ಮ ಜಿಲ್ಲೆಯಲ್ಲಿ ಟೊಮೆಟೊ ಬೆಳೆಯುವವರೆಲ್ಲ ಬೆನ್ನಿಗೆ ಔಷಧಿ ಡಬ್ಬಿ ಕಟ್ಟಿಕೊಂಡು ಅದನ್ನು ಸಾಯಿಸುತ್ತ ಬದುಕುತ್ತಿದ್ದರೆ, ಭವ್ಯ ಅಲ್ಲಿ ಗಾಜಿನ ಮನೆಯಲ್ಲಿ ಸೊಳ್ಳೆಪರದೆ ಕಟ್ಟಿ ಅದನ್ನು ಸಾಕುತ್ತಿದ್ದಳು! ಶತ್ರುವನ್ನು ಸಾಕಿ, ಉಣಿಸಿ, ಅವನ ಗುಟ್ಟು ತಿಳಿದುಕೊಳ್ಳುವುದೇ ದೊಡ್ಡ ಓದು ಎಂದು ಚಿಕ್ಕಪ್ಪ ವಿವರಿಸಿದರು. ಕೇಳಿದವರು ಮರುಕಪಟ್ಟರು. ಪಾಪ, ನೊಣ ನೋಡುವುದಕ್ಕೆ ಅಷ್ಟು ದೂರ ಹೋಗಬೇಕಿತ್ತಾ, ನಮ್ಮ ಹೊಲಕ್ಕೆ ಬಂದಿದ್ದರೆ ಪುಕ್ಕಟೆ ತೋರಿಸುತ್ತಿದ್ದೆವಲ್ಲ ಎಂದರು.

ಮೂರನೆಯ ಲಾಭ ಅವರಿಗೆ ಮೊದಲು ಹೊಟ್ಟೆನೋವು ತಂದಿತು. ಭವ್ಯಳ ಜೊತೆ ಒಂದೇ ಮನೆಯಲ್ಲಿದ್ದವಳು ಇಥಿಯೋಪಿಯಾದ ಹುಡುಗಿ. ಭವ್ಯ ಒಂದು ದಿನ ರಾಗಿ ಹಿಟ್ಟು ತೆಗೆದಾಗ ಆ ಹುಡುಗಿ ಬೆರಳಲ್ಲಿ ಮುಟ್ಟಿ, ಇದು ನಮ್ಮಲ್ಲೂ ಇದೆ, ನಮ್ಮಲ್ಲಿಂದಲೇ ನಿಮ್ಮ ಕಡೆಗೆ ಹೋದದ್ದು ಎಂದಳಂತೆ. ರಾಗಿ ನಮ್ಮದಲ್ಲವೆ? ಕೋಲಾರದವನ ಹೊಟ್ಟೆಗೆ ಇದಕ್ಕಿಂತ ದೊಡ್ಡ ಏಟು ಯಾವುದಿದೆ? ಅವತ್ತು ಚಿಕ್ಕಪ್ಪ ಮುದ್ದೆಯನ್ನು ತಟ್ಟೆಯಲ್ಲಿ ಸುಮ್ಮನೆ ನೋಡುತ್ತ ಕುಳಿತಿದ್ದರೆಂದು ಚಿಕ್ಕಮ್ಮ ವರದಿ ಮಾಡಿದರು. ಅದೇ ಚಳಿಗಾಲದಲ್ಲಿ ಭವ್ಯಳಿಗೆ ಜೋರು ಜ್ವರ ಬಂತು. ಆ ಹುಡುಗಿ ಪಕ್ಕದಲ್ಲೇ ಕುಳಿತು, ಅದೇ ರಾಗಿಯಲ್ಲಿ ತನ್ನ ಊರಿನ ಪದ್ಧತಿಯಂತೆ ಗಂಜಿ ಕಾಯಿಸಿ ಕುಡಿಸಿದಳಂತೆ. ಚಿಕ್ಕಪ್ಪ ಎರಡು ದಿನ ಯೋಚಿಸಿ, ಅವರು ನಮಗೆ ಹಳೇ ನೆಂಟರು, ನಡುವೆ ಯಾವಾಗಲೋ ಹೋಗಿಬರುವುದು ನಿಂತುಹೋಗಿತ್ತು ಎಂದು ತೀರ್ಮಾನಿಸಿದರು. ಆಮೇಲೆ ಟೀ ಅಂಗಡಿಯಲ್ಲಿ, ವಿದೇಶಕ್ಕೆ ಹೋದರೆ ಕಳೆದುಹೋದ ನೆಂಟರು ಸಿಗುತ್ತಾರೆ ಎನ್ನುವುದೂ ಲಾಭಗಳ ಪಟ್ಟಿಗೆ ಸೇರಿತು.

ಇಷ್ಟು ಹೊತ್ತಿಗೆ ಕೂದಲು ಹೆಗಲು ದಾಟಿತ್ತು. ಗಡ್ಡವನ್ನು ಹರಕೆಯಲ್ಲಿ ಸೇರಿಸಿರಲಿಲ್ಲ, ಆದರೆ ಇಷ್ಟು ಉದ್ದ ಕೂದಲಿಗೆ ಬೋಳು ಗಲ್ಲ ಒಪ್ಪುವುದಿಲ್ಲ ಎಂದು ಅದನ್ನೂ ಬಿಟ್ಟಿದ್ದರು. ಒಮ್ಮೆ ಟೊಮೆಟೊ ಕಳಿಸಿದ ಲಾರಿಯ ವಿಷಯಕ್ಕೆ ಮುಳಬಾಗಿಲು ದಾಟಿ ನಂಗಲಿಗೆ ಹೋಗಬೇಕಾಯಿತು. ಲಾರಿ ಬರುವುದು ತಡವಾಗಿ, ಹೆದ್ದಾರಿ ಪಕ್ಕದ ಹುಣಸೆಮರದ ಕೆಳಗೆ ಬಿಳಿ ಪಂಚೆಯುಟ್ಟು, ಜುಟ್ಟು ಬಿಚ್ಚಿ ಗಾಳಿಗೆ ಹರವಿಕೊಂಡು ಕುಳಿತಿದ್ದರಂತೆ. ಮೊದಲು ಒಬ್ಬ ಲಾರಿ ಡ್ರೈವರು ಬಂದು ಕಾಲಿಗೆ ಬಿದ್ದ. ಅವನನ್ನು ನೋಡಿ ಕ್ಲೀನರು ಬಿದ್ದ. ಕ್ಲೀನರನನ್ನು ನೋಡಿ ತಿರುಪತಿಗೆ ಹೊರಟಿದ್ದ ಒಂದು ಸಂಸಾರ ಕಾರು ನಿಲ್ಲಿಸಿತು. ಆ ಮನೆಯ ಯಜಮಾನ, ಮಗ ಬಿ.ಇ. ಮುಗಿಸಿ ಸುಮ್ಮನೆ ಮನೆಯಲ್ಲಿ ಕೂತಿದ್ದಾನೆ, ಏನು ಮಾಡಲಿ ಸ್ವಾಮಿ ಎಂದು ಕೈಮುಗಿದ. ಬೇರೆ ಯಾರಾದರೂ ಆಗಿದ್ದರೆ ನಾನು ಸ್ವಾಮಿಯಲ್ಲಪ್ಪ, ಟೊಮೆಟೊ ಬೆಳೆಗಾರ ಎನ್ನುತ್ತಿದ್ದರು. ವಿದೇಶೀ ವ್ಯಾಸಂಗದ ವಿಷಯ ತಾನಾಗಿ ಎದುರು ಬಂದಾಗ ಚಿಕ್ಕಪ್ಪನ ಬಾಯಿ ಕಟ್ಟುವವರು ಯಾರು?

"ಎಂ.ಎಸ್ಸಿ. ಮಾಡಿಸು," ಎಂದರಂತೆ. "ಆಚೆ ದೇಶದಲ್ಲಿ. ಹುಡುಕಿದ್ರೆ ಸ್ಕಾಲರ್‌ಶಿಪ್ ಸಿಗುತ್ತೆ. ಅಡಿಗೆ ಕಲಿಸಿ ಕಳಿಸು."

ಆ ಯಜಮಾನ ಹೆಂಡತಿಯ ಕಡೆ ತಿರುಗಿ, ಅಡಿಗೆಯ ವಿಷಯ ಸ್ವಾಮಿಗಳಿಗೆ ಹೇಗೆ ಗೊತ್ತಾಯಿತು ನೋಡು, ನಮ್ಮವನಿಗೆ ನೀರು ಕಾಯಿಸಲೂ ಬರುವುದಿಲ್ಲ ಎಂದು ಬೆರಗಾದನಂತೆ.

ಇದು ಇಲ್ಲಿಗೇ ಮುಗಿದಿದ್ದರೆ ಚೆನ್ನಾಗಿತ್ತು. ಮುಂದಿನ ವರ್ಷ ಮಾವಿನ ಕಾಲದಲ್ಲಿ ಆ ಸಂಸಾರ ವಿಳಾಸ ಪತ್ತೆಹಚ್ಚಿಕೊಂಡು ಹಣ್ಣು, ಕಾಯಿ, ಶಾಲು ಸಮೇತ ಗೌನಿಪಲ್ಲಿಗೆ ಬಂದಿಳಿಯಿತು. ಸ್ವಾಮಿಗಳು ಹೇಳಿದಂತೆಯೇ ಅರ್ಜಿ ಹಾಕಿದರು, ಹುಡುಗನಿಗೆ ಫಿನ್ಲೆಂಡಿನಲ್ಲಿ ಸೀಟು ಸಿಕ್ಕಿತು, ಅನ್ನ ಮಾಡುವುದನ್ನೂ ಕಲಿತ! ಸ್ವಾಮಿಗಳ ದರ್ಶನವಾಗಬೇಕು ಎಂದು ಬಾಗಿಲಲ್ಲಿ ನಿಂತರು. ಚಿಕ್ಕಮ್ಮ ಸೆರಗಿಗೆ ಕೈ ಒರೆಸಿಕೊಂಡು ಹೊರಗೆ ಬಂದು, ಸ್ವಾಮಿಗಳು ಹಿತ್ತಲಲ್ಲಿ ತಲೆ ಒಣಗಿಸ್ತಾ ಇದಾರೆ, ಕೂತ್ಕೊಳ್ಳಿ, ಮಜ್ಜಿಗೆ ತರ್ತೀನಿ ಎಂದರು.

ಅಷ್ಟರಲ್ಲಿ ಭವ್ಯಳ ಎಂ.ಎಸ್ಸಿ. ಮುಗಿಯುತ್ತ ಬಂದಿತ್ತು. ಚಿಕ್ಕಪ್ಪನ ಸಂಭ್ರಮ ಹೇಳತೀರದು. ಮುಡಿ ಕೊಡುವುದು ಮಾಲೂರು ಕಡೆಯ ಚಿಕ್ಕ ತಿರುಪತಿಯಲ್ಲಿ ಎಂದು ನಿಶ್ಚಯವಾಯಿತು. ದೊಡ್ಡ ತಿರುಪತಿಯ ಹರಕೆಯನ್ನೂ ಅಲ್ಲಿ ತೀರಿಸಬಹುದು ಎಂದು ನಮ್ಮ ಕಡೆಯ ನಂಬಿಕೆ. ವ್ಯಾನು ಮಾತಾಡಿದ್ದಾಯಿತು, ಲಕ್ಕೂರಿನ ನೆಂಟರಿಗೆ ಊಟದ ವ್ಯವಸ್ಥೆ ಒಪ್ಪಿಸಿದ್ದಾಯಿತು. ಕ್ಷೌರದವನಂತೂ ದೇವಸ್ಥಾನದವರು ಬೋಳಿಸಿ ಕಳಿಸಿದ ಮೇಲೆ ಹೊಸ ಕೂದಲಿಗೆ ಮೊದಲ ಕತ್ತರಿ ತನ್ನದೇ ಎಂದು ಮಾತು ತೆಗೆದುಕೊಂಡಿದ್ದ. ಆಗ ಬಂತು ಭವ್ಯಳ ಫೋನು. ನಾನೂ ಅಲ್ಲೇ ಇದ್ದೆ. ಅವಳಿಗೆ ಅದೇ ವಿಶ್ವವಿದ್ಯಾಲಯದಲ್ಲಿ ಪಿಎಚ್.ಡಿ. ಮಾಡಲು ಅವಕಾಶ ಸಿಕ್ಕಿತ್ತು. ಅಲ್ಲಿ ಪಿಎಚ್.ಡಿ. ಮಾಡುವವರಿಗೆ ಸಂಬಳವನ್ನೂ ಕೊಡುತ್ತಾರೆ ಎಂದಳು.

ಓದುವುದಕ್ಕೆ ಸಂಬಳವೇ! ಚಿಕ್ಕಪ್ಪ ಎದ್ದು ನಿಂತರು. ಇಷ್ಟು ದಿನ ಹೇಳಿದ ಲಾಭಗಳೆಲ್ಲ ಇದರ ಮುಂದೆ ಏನೇನೂ ಅಲ್ಲ. ಟೀ ಅಂಗಡಿಗೆ ಹೋಗಲೆಂದು ಚಪ್ಪಲಿ ಮೆಟ್ಟುತ್ತಿದ್ದವರು ಒಂದು ಕಾಲಿಗೆ ಹಾಕಿಕೊಂಡು ಹಾಗೇ ನಿಂತುಬಿಟ್ಟರು. ಕೈ ನಿಧಾನವಾಗಿ ಜುಟ್ಟಿನ ಮೇಲೆ ಹೋಯಿತು.

ಮನೆಯಲ್ಲಿ ಚರ್ಚೆಯಾಯಿತು. ಎಂ.ಎಸ್ಸಿ. ಮುಗಿದಿದೆಯಲ್ಲ, ಹರಕೆ ತೀರಿಸಬಹುದು ಎಂದು ನಾನು ವಾದಿಸಿದೆ. ಪುರೋಹಿತರೂ ಅದನ್ನೇ ಹೇಳಿದರು. ಚಿಕ್ಕಪ್ಪ ಒಪ್ಪಲಿಲ್ಲ. ಓದು ಮುಗಿಯೋವರೆಗೂ ಅಂದಿದ್ದೇನೆ, ಅವಳಿನ್ನೂ ಓದುತ್ತಿದ್ದಾಳೆ, ದೇವರೆದುರು ಲಾಯರ್ ಬುದ್ಧಿ ತೋರಿಸಬಾರದು ಎಂದರು. ಚಿಕ್ಕಮ್ಮ ಒಳಗಿನಿಂದಲೇ, ಅವಳು ಓದೋದು ಬಿಡಲ್ಲ, ಇವರು ಕೂದಲು ಬಿಡೋದು ಬಿಡಲ್ಲ, ನಾನು ಸೀಗೆಕಾಯಿ ಕುಟ್ಟೋದು ಬಿಡೋ ಹಾಗಿಲ್ಲ ಎಂದರು. ವ್ಯಾನಿನವನಿಗೆ ಬೇಡವೆಂದು ಹೇಳಿಕಳಿಸಿದೆವು.

ಆಮೇಲಿನ ವರ್ಷಗಳಲ್ಲಿ ಪ್ರತಿ ಭಾನುವಾರ ಒಂದು ಆಟ ನಡೆಯುತ್ತಿತ್ತು. ವಿಡಿಯೊ ಕಾಲಿನಲ್ಲಿ ಚಿಕ್ಕಪ್ಪ ಮೊದಲು ಮಗಳ ಮುಖ ನೋಡಿ, ಆಮೇಲೆ ತಿರುಗಿ ನಿಂತು ಬೆನ್ನು ತೋರಿಸುತ್ತಿದ್ದರು. ಎಲ್ಲಿಗೆ ಬಂತು ನೋಡಮ್ಮ ಎನ್ನುವರು. ಭವ್ಯ ಮೊದಮೊದಲು ಬಿದ್ದು ಬಿದ್ದು ನಗುತ್ತಿದ್ದಳು. ಆಮೇಲೆ ಬರೀ ನಗುತ್ತಿದ್ದಳು. ಆಮೇಲಾಮೇಲೆ ಅವಳ ಕಡೆಯ ಕ್ಯಾಮೆರಾ ಸರಿಯಿರುತ್ತಿರಲಿಲ್ಲ, ಧ್ವನಿಯಷ್ಟೇ ಬರುತ್ತಿತ್ತು. ನೆಟ್‌ವರ್ಕ್ ಸರಿಯಿಲ್ಲ ಎಂದುಕೊಂಡೆವು. ಸಮುದ್ರಕ್ಕಿಂತ ತಗ್ಗಿನಲ್ಲಿರುವ ದೇಶ, ಸಿಗ್ನಲ್ ಇಳಿಯುವುದು ಕಷ್ಟವಿರಬೇಕು ಎಂದು ಚಿಕ್ಕಪ್ಪ ಸಮಜಾಯಿಷಿ ಕೊಟ್ಟರು.

ಈ ವರ್ಷ ಮಾವು ಹೂಬಿಟ್ಟ ಕಾಲದಲ್ಲಿ ಭವ್ಯ ನನಗೆ ಫೋನ್ ಮಾಡಿದಳು. ಅವಳ ಗಾಜಿನ ಮನೆಯಲ್ಲಿ ರಜೆಯ ದಿನಗಳಲ್ಲಿ ಶಾಖದ ಯಂತ್ರ ಕೆಟ್ಟು, ಅವಳು ಅಷ್ಟು ಕಾಲ ಸಾಕಿದ್ದ ನೊಣಗಳೆಲ್ಲ ಸತ್ತುಹೋಗಿದ್ದವು. ಅದರ ಜೊತೆ ಒಂದು ವರ್ಷದ ಕೆಲಸವೂ ಹೋಗಿತ್ತು. ಮತ್ತೆ ಮೊದಲಿನಿಂದ ಶುರುಮಾಡಬೇಕು. ಊಟ ಸೇರುತ್ತಿಲ್ಲ, ನಿದ್ದೆ ಬರುತ್ತಿಲ್ಲ, ಗಾಜಿನ ಮನೆಗೆ ಹೋಗಿ ಖಾಲಿ ಸೊಳ್ಳೆಪರದೆಯ ಮುಂದೆ ಕುಳಿತು ಬರುತ್ತಾಳೆ. ಅವಳ ಗೈಡ್ ಮೇಡಂ ಒಳ್ಳೆಯವರು, ಬೇಕಾದಷ್ಟು ಸಮಯ ತೆಗೆದುಕೋ, ಬೇಡವೆನಿಸಿದರೆ ನಿಲ್ಲಿಸು, ಅದರಲ್ಲಿ ಅವಮಾನವಿಲ್ಲ ಎಂದಿದ್ದಾರೆ. ಇದೆಲ್ಲ ಅಪ್ಪನಿಗೆ ಹೇಳಿದೆಯಾ ಎಂದು ಕೇಳಿದೆ.

"ಹೇಗೆ ಹೇಳ್ಲಿ ಅಕ್ಕ? ಅಪ್ಪ ತಿರುಗಿ ನಿಂತು ಕೂದಲು ತೋರಿಸ್ತಾರೆ. ನನಗೆ ಉಸಿರು ಕಟ್ಟುತ್ತೆ. ನಾನು ನಿಲ್ಲಿಸಿದ್ರೆ ಅದು ಏನಾಗ್ಬೇಕು? ಮುಂದುವರಿಸೋಕೂ ಧೈರ್ಯ ಇಲ್ಲ, ಬಿಡೋಕೂ ಇಲ್ಲ."

ನಮಗೆಲ್ಲ ತಮಾಷೆಯಾಗಿದ್ದ ಆ ಕೂದಲು ಅವಳ ಎದೆಯ ಮೇಲೆ ಕೂತಿತ್ತು. ನಾನು ಮರುದಿನವೇ ಕಾಲೇಜಿಗೆ ರಜೆ ಹಾಕಿ ಗೌನಿಪಲ್ಲಿ ಬಸ್ ಹತ್ತಿದೆ.

ಚಿಕ್ಕಪ್ಪ ತೋಪಿನಲ್ಲಿದ್ದರು. ಹೂ ಚೆನ್ನಾಗಿ ಕಟ್ಟಿದೆ ಎಂದು ಕೊಂಬೆ ಬಾಗಿಸಿ ತೋರಿಸಿದರು. ನಾನು ಹಾಗೇ ನಿಂತು ಎಲ್ಲವನ್ನೂ ಹೇಳಿದೆ. ಅವರು ಕೊಂಬೆಯನ್ನು ಹಿಡಿದುಕೊಂಡೇ ಕೇಳಿಸಿಕೊಂಡರು. ಊಟ ಮಾಡುತ್ತಿದ್ದಾಳಾ ಎಂದು ಮಾತ್ರ ಕೇಳಿದರು. ಸರಿಯಾಗಿ ಇಲ್ಲ ಎಂದೆ. ಬಾಗಿಸಿದ್ದ ಕೊಂಬೆಯನ್ನು ಮೆಲ್ಲಗೆ ಬಿಟ್ಟರು.

"ನನಗ್ಯಾಕೆ ಹೇಳ್ಲಿಲ್ಲ?"

"ನಿಮ್ಮ ಕೂದಲು ನೋಡಿದ್ರೆ ಬಾಯಿ ಬರಲ್ಲ ಅಂತಾಳೆ ಚಿಕ್ಕಪ್ಪ."

ಅವರು ತೊಟ್ಟಿಯ ಹತ್ತಿರ ಹೋಗಿ ಕೈಕಾಲು ತೊಳೆದುಕೊಂಡರು. ಮನೆಗೆ ಬಂದು, ನಾಳೆ ಬೆಳಿಗ್ಗೆ ಚಿಕ್ಕ ತಿರುಪತಿಗೆ ಹೋಗುವುದು ಎಂದು ಚಿಕ್ಕಮ್ಮನಿಗೆ ಹೇಳಿದರು.

ಆ ಕೂದಲನ್ನು ಇಷ್ಟು ವರ್ಷ ಬೈದುಕೊಂಡೇ ಬಾಚಿದ್ದ ಚಿಕ್ಕಮ್ಮ ಈಗ ಬಾಗಿಲಿಗೆ ಅಡ್ಡ ನಿಂತರು. ಹರಕೆಯನ್ನು ಅರ್ಧಕ್ಕೆ ಮುರಿಯುವುದುಂಟೆ? ದೇವರ ಸಿಟ್ಟು ಮಗುವಿನ ಮೇಲೆ ತಿರುಗಿದರೆ? ಅವಳು ಪಕ್ಕದಲ್ಲಿ ಕೂತಿರಬೇಕು ಅಂತ ನೀವೇ ಹೇಳಿದ್ದಲ್ಲವೆ ಎಂದು ಅತ್ತರು. ಚಿಕ್ಕಪ್ಪನ ಮುಖವೂ ಕಪ್ಪಿಟ್ಟಿತ್ತು. ಆ ಮನುಷ್ಯ ದೇವರಿಗೆ ಎಷ್ಟು ಹೆದರುತ್ತಾರೆಂದು ನಮಗೆ ಗೊತ್ತು, ಹೊರಡುವಾಗ ಬೆಕ್ಕು ಅಡ್ಡ ಬಂದರೆ ಮನೆಗೆ ವಾಪಸು ಬಂದು ನೀರು ಕುಡಿದು ಹೋಗುವವರು. "ಹೇಳ್ಕೊಂಡಿದ್ದು ನಾನು, ಮುರೀತಿರೋದೂ ನಾನು. ಏನಿದ್ರೂ ನನ್ನ ತಲೆ ಮೇಲೇ ಬರ್ಲಿ," ಎಂದಷ್ಟೇ ಹೇಳಿದರು. ಚಿಕ್ಕಮ್ಮ ಕಣ್ಣೊರೆಸಿಕೊಂಡರು. ಹಳದಿ ಬಟ್ಟೆಯ ತುಂಡಿನಲ್ಲಿ ತಪ್ಪು ಕಾಣಿಕೆ ಕಟ್ಟಿ, ಪಟದ ಮುಂದಿಟ್ಟರು. ಬೆಳಿಗ್ಗೆ ಬೇಗನೆ ಗಂಡನನ್ನು ಮಣೆಯ ಮೇಲೆ ಕೂರಿಸಿ, ಎಣ್ಣೆ ಹಚ್ಚಿ, ಒಂದು ಸಿಕ್ಕೂ ಉಳಿಯದ ಹಾಗೆ ಬಾಚಿ ಜಡೆ ಹೆಣೆದರು.

ಶ್ರೀನಿವಾಸಪುರ, ಕೋಲಾರ, ಮಾಲೂರು ಎಂದು ಬಸ್ಸು ಬದಲಿಸುತ್ತ ಹೋದೆವು. ಮಾಲೂರಿನಲ್ಲಿ ಹತ್ತಿದ ಒಬ್ಬಾಕೆ ಚಿಕ್ಕಪ್ಪನನ್ನು ನೋಡಿ ಸೀಟು ಬಿಟ್ಟುಕೊಟ್ಟು, ಕಂಕುಳಲ್ಲಿದ್ದ ಮಗುವಿಗೆ ಆಶೀ‍ರ್ವಾದ ಮಾಡಿ ಎಂದಳು. ಇನ್ನೇನು ಎಂ.ಎಸ್ಸಿ.ಯ ಉಪದೇಶ ಬರುತ್ತದೆ ಎಂದು ನಾನು ಕಾದೆ. ಚಿಕ್ಕಪ್ಪ ಮಗುವಿನ ನೆತ್ತಿ ಸವರಿ, ಚೆನ್ನಾಗಿರ್ಲಿ ಎಂದು ಕಿಟಕಿಯ ಕಡೆ ತಿರುಗಿಕೊಂಡರು.

ಮುಡಿ ತೆಗೆಯುವುದಕ್ಕೆ ಹೆಚ್ಚು ಹೊತ್ತು ಹಿಡಿಯಲಿಲ್ಲ. ಇಷ್ಟು ವರ್ಷದ ಕೂದಲು ಅಷ್ಟು ಬೇಗ ಕೆಳಗೆ ಬಿದ್ದದ್ದು ನೋಡಿ ಚಿಕ್ಕಮ್ಮ ಕಣ್ಣು ಮುಚ್ಚಿಕೊಂಡರು. ಚಿಕ್ಕಪ್ಪ ಸ್ನಾನ ಮಾಡಿ, ತಲೆಗೆ ಗಂಧ ಹಚ್ಚಿಕೊಂಡು ಒಳಗೆ ಹೋದರು. ಹುಂಡಿಯ ಮುಂದೆ ನಿಂತು ತುಂಬಾ ಹೊತ್ತು ತೆಲುಗಿನಲ್ಲಿ ಮಾತಾಡಿದರು. ಹಿಂದೆ ನಿಂತವರು ಗೊಣಗಿದರೂ ಕದಲಲಿಲ್ಲ. ಹಳದಿ ಗಂಟನ್ನು ಹಾಕಿ, ಗಲ್ಲ ಬಡಿದುಕೊಂಡು ಹೊರಗೆ ಬಂದವರೇ ನನ್ನ ಫೋನು ಕೇಳಿದರು. ನಾನು ವಿಡಿಯೊ ಕಾಲ್ ಹಾಕಿ ಕೈಗೆ ಕೊಟ್ಟೆ.

ಅಲ್ಲಿ ಆಗತಾನೆ ಬೆಳಕಾಗಿತ್ತು. ನಾನು ಫೋನ್ ಮಾಡಿದ್ದೆಂದುಕೊಂಡು ಭವ್ಯ ಕ್ಯಾಮೆರಾ ಬಂದ್ ಮಾಡದೆಯೇ ಕರೆ ಎತ್ತಿದಳು. ಎಷ್ಟೋ ತಿಂಗಳಾದ ಮೇಲೆ ಅವಳ ಮುಖ ಕಂಡಿತು. ಇಳಿದುಹೋಗಿದ್ದಳು. ಬೋಳುತಲೆಯ ಅಪ್ಪನನ್ನು ಮೊದಲು ಗುರುತಿಸಲೇ ಇಲ್ಲ.

"ಅಪ್ಪಾ, ಏನಿದು? ಇನ್ನೂ ಮುಗಿದಿಲ್ಲವಲ್ಲಪ್ಪ."

"ನಂದು ಮುಗೀತು. ನಿಂದು ನಿನ್ನಿಷ್ಟ. ಓದಂಗಿದ್ರೆ ಓದು, ಬರಂಗಿದ್ರೆ ಬಾ. ಇನ್ನೆಷ್ಟು ವರ್ಷ ಆದರೂ ಆಗ್ಲಿ, ಅಳತೆ ನೋಡೋಕೆ ಈಗ ಇಲ್ಲೇನೂ ಇಲ್ಲ ನೋಡು," ಎಂದು ತಲೆ ಬಗ್ಗಿಸಿ ತೋರಿಸಿದರು.

"ದೇವರಿಗೆ ಹೇಳ್ಕೊಂಡಿದ್ದು?"

"ಅದು ನಂಗೂ ಅವನಿಗೂ ಬಿಟ್ಟಿದ್ದು. ಮಾತಾಡ್ಕೊಂಡಿದೀನಿ."

ಭವ್ಯ ಅಳುವುದಕ್ಕೆ ಶುರುಮಾಡಿದಳು. ಅಳುತ್ತಳುತ್ತಲೇ, ಅಷ್ಟು ದಿನ ಅಪ್ಪನಿಗೆ ಹೇಳದ್ದನ್ನೆಲ್ಲ ಹೇಳಿದಳು. ಕೆಟ್ಟ ಯಂತ್ರ, ಸತ್ತ ನೊಣಗಳು, ಖಾಲಿ ಸೊಳ್ಳೆಪರದೆ. ಚಿಕ್ಕಪ್ಪ ದೇವಸ್ಥಾನದ ಅಂಗಳದಲ್ಲಿ ಫೋನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನಿಂತು ಕೇಳಿದರು. ಒಂದೂ ಉಳೀಲಿಲ್ವಾ ಎಂದು ಕೇಳಿದರು. ಇಲ್ಲ ಎಂದಳು. ಆಲಿಕಲ್ಲು ಬಿದ್ದು ತೋಪೆಲ್ಲ ನೆಲ ಕಚ್ಚಿದ ವರ್ಷ ತಾವೂ ಹೀಗೇ ಮೂರು ದಿನ ಊಟ ಬಿಟ್ಟಿದ್ದರೆಂದು ಅವಳಿಗೆ ಹೇಳಿದರು. ಅದು ನನಗೂ ಭವ್ಯಳಿಗೂ ಗೊತ್ತಿರಲಿಲ್ಲ. ಆಮೇಲೆ ಅವರ ಧ್ವನಿ ಸಣ್ಣದಾಯಿತು.

"ನಂಗೆ ಇಂಗ್ಲಿಷ್ ಬರಲ್ಲ. ನೀನು ಓದೋದು ಒಂದಕ್ಷರ ತಿಳಿಯಲ್ಲ. ಅಷ್ಟು ದೂರದಲ್ಲಿರೋ ನಿಂಗೆ ನನ್ನ ಕೈಲಿ ಮಾಡೋಕೆ ಇದ್ದಿದ್ದು ಇದೊಂದೇ ಕಣಮ್ಮ, ಕೂದಲು ಬಿಡೋದು. ಅದೇ ನಿಂಗೆ ಭಾರ ಆಗುತ್ತೆ ಅಂತ ನಂಗೆ ಹೊಳೀಲಿಲ್ಲ."

ಚಿಕ್ಕಮ್ಮ ಸೆರಗು ಬಾಯಿಗೆ ಒತ್ತಿಕೊಂಡು ನಿಂತಿದ್ದರು. ನನ್ನ ಸ್ಥಿತಿಯೂ ಅಷ್ಟಕ್ಕಷ್ಟೇ. ಕೊನೆಗೆ ಭವ್ಯ ಮೂಗೊರೆಸಿಕೊಂಡು ಕೇಳಿದಳು.

"ಅಪ್ಪಾ, ಬಿಸಿಲಲ್ಲಿ ನಿಂತಿದೀಯಾ?"

"ಹೂಂ ಕಣಮ್ಮ."

"ಸುಡುತ್ತೆ. ತಲೆಗೆ ಟವೆಲ್ ಹಾಕ್ಕೊ."

ಚಿಕ್ಕಪ್ಪ ಫೋನನ್ನು ನನ್ನ ಕೈಗೆ ಕೊಟ್ಟು, ಹೆಗಲ ಮೇಲಿದ್ದ ಟವೆಲ್ ಕೊಡವಿ, ಮಗಳು ನೋಡುತ್ತಿದ್ದ ಹಾಗೆಯೇ ತಲೆಗೆ ಹಾಕಿಕೊಂಡರು.